ಬಿಎಸ್ಸಿ ಜಿಯಾಲಜಿಗೆ ಮ್ಯಾತ್ಸ್ ಬೇಕೇಬೇಕಾ?

ಹಿರಿಯೂರಿನ ಅಕ್ಕ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಸೆಕೆಂಡ್ ಪಿಯುಸಿ, ಪಿಸಿಎಂಬಿ. ಬಿಎಸ್ಸಿ ಜಿಯಾಲಜಿ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಆದರೆ ಮ್ಯಾತ್ಸ್ ಕಂಡರೆ ಆಗಲ್ಲ, ಡಿಗ್ರಿಯಲ್ಲಿ ಬಿಡುತ್ತಾಳಂತೆ. ಬಿಟ್ಟರೆ ಮುಂದೆ ತೊಂದರೆಯಾ? ಮೂರು ವರ್ಷ ಓದಿದರೆ ಕೆಲಸ ಸಿಗುತ್ತಾ? ಅಪ್ಪ ಕೇಳುತ್ತಿರುವುದು ಅದೊಂದೇ.

ಕೋರ್ ಬಾಕ್ಸ್:
ಅಕ್ಕಾ, ನಾನು ಖನಿಜ ಹುಡುಕುವ ಕಂಪನಿಯಲ್ಲಿ ಡ್ರಿಲ್ ಕೋರ್ (ನೆಲ ಕೊರೆದು ತೆಗೆದ ಕೋಲಿನಂಥ ಕಲ್ಲು) ನೋಡಿ ಬರೆಯುವ ಕೆಲಸದವನು.

ಸೇರೋಕೆ ಪಿಯುಸಿ ಸೈನ್ಸ್ ಸಾಕು. ನಮ್ಮ ರಾಜ್ಯದಲ್ಲಿ 2024ರಿಂದ ಮತ್ತೆ ಮೂರು ವರ್ಷದ ಡಿಗ್ರಿ, ಮೂರು ಮೇಜರ್ ವಿಷಯ. ಜಿಯಾಲಜಿ ಜೊತೆ ಇನ್ನೆರಡು ಯಾವುವು ಅನ್ನೋದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಫೀಸ್ ಕಟ್ಟುವ ಮೊದಲು ಅದನ್ನೇ ಕೇಳಿ. ಮ್ಯಾತ್ಸ್ ಬಿಟ್ಟರೂ ನಡೆಯುತ್ತದೆ. ಕೆಮಿಸ್ಟ್ರಿ ಮಾತ್ರ ಬಿಡಬಾರದು, ಇದು ನನ್ನ ಹಟ. ಖನಿಜ ಅಂದರೆ ಕೆಮಿಸ್ಟ್ರಿನೇ ಅಲ್ವಾ?

ಅಪ್ಪನಿಗೆ ನೇರವಾಗಿ ಹೇಳಿಬಿಡಿ, ಬಿಎಸ್ಸಿಗೇ ನಿಲ್ಲಿಸಿದರೆ ಕಷ್ಟ. ಜಿಎಸ್‌ಐ (ಕೇಂದ್ರ ಸರ್ಕಾರದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ) ಜಿಯಾಲಜಿಸ್ಟ್ ಹುದ್ದೆಗೆ ಯುಪಿಎಸ್‌ಸಿ ಪರೀಕ್ಷೆ ಬರೆಯೋಕೆ ಎಂಎಸ್ಸಿ ಬೇಕು. ಖರ್ಚಿನ ಲೆಕ್ಕ ಹಾಕುವಾಗ ಐದು ವರ್ಷ ಅಂತಲೇ ಹಾಕಿ.

ಇನ್ನೊಂದು. ಸೇರಿಸುವ ಮೊದಲು ಲ್ಯಾಬ್‌ಗೆ ಹೋಗಿ ಮೈಕ್ರೋಸ್ಕೋಪು ನೋಡಿ. ಕಲ್ಲನ್ನು 0.03 ಮಿ.ಮೀ. ದಪ್ಪಕ್ಕೆ ಉಜ್ಜಿ ಗಾಜಿಗೆ ಅಂಟಿಸಿರುತ್ತಾರೆ. ಗಾಜು ಇಡುವ ತಟ್ಟೆ, ಅಂದರೆ ಸ್ಟೇಜ್ ತಿರುಗಿಸುತ್ತಾ ಹೋದರೆ ಬಯೋಟೈಟ್ ಅನ್ನೋ ಖನಿಜ ತಿಳಿ ಕಂದಿನಿಂದ ಕಡು ಕಂದಿಗೆ ತಿರುಗುತ್ತದೆ. ಪಕ್ಕದ ಇನ್ನೊಂದು ಖನಿಜ, ಕ್ವಾರ್ಟ್ಜ್, ಬಣ್ಣವೇ ಇಲ್ಲದೆ ಹಾಗೇ ಇರುತ್ತದೆ. ಇದೆಲ್ಲ ಗೈಡ್ ಓದಿ ಬರಲ್ಲ, ಕಣ್ಣು ಪಳಗಬೇಕು. ಧೂಳು ಹಿಡಿದ ಎರಡು ಮೈಕ್ರೋಸ್ಕೋಪಿಗೆ ಮೂವತ್ತು ಮಕ್ಕಳಿದ್ದರೆ ಬೇರೆ ಕಾಲೇಜು ನೋಡಿ.

ಜಾಮ್‌ಗೆ ಓದ್ತಿರೋಳು:
ಮ್ಯಾತ್ಸ್ ಬಗ್ಗೆ ನನ್ನದೊಂದು ತಕರಾರು. ಬಿಟ್ಟರೆ ಜಿಯೋಫಿಸಿಕ್ಸ್ ಆಸೆಯನ್ನೂ ಬಿಟ್ಟ ಹಾಗೇ. ಭೂಕಂಪದ ಅಲೆ ಓದೋದು, ತೈಲ ಹುಡುಕೋದು ಎಲ್ಲ ಆ ಕಡೆಗೇ ಬರುತ್ತದೆ. ಖರಗ್‌ಪುರ, ರೂರ್ಕಿ ಐಐಟಿಗೆ ಪಿಯುಸಿ ಆದ ಕೂಡಲೇ ಹೋಗಬೇಕಾದರೆ ಜೆಇಇ ಅಡ್ವಾನ್ಸ್ಡ್, ಅಲ್ಲಂತೂ ಮ್ಯಾತ್ಸ್ ತಪ್ಪಿದ್ದಲ್ಲ. ಬಿಎಸ್ಸಿ ಮುಗಿಸಿದವರಿಗೆ ಜಾಮ್‌ನಲ್ಲಿ, ಅಂದರೆ ಐಐಟಿಗಳ ಎಂಎಸ್ಸಿ ಪ್ರವೇಶ ಪರೀಕ್ಷೆಯಲ್ಲಿ, ಜಿಯಾಲಜಿ ಪೇಪರ್ ಇದೆ. ಅವಳ ದಾರಿ ಅದೇ ಇರಬಹುದು.

ಹಿರಿಯೂರಿನ ಅಕ್ಕ:
ಇಬ್ಬರಿಗೂ ಥ್ಯಾಂಕ್ಸ್. ಫೀಲ್ಡ್‌ಗೆ ಹೋಗಲೇಬೇಕಾ? ಅಮ್ಮನಿಗೆ ಅದೇ ಚಿಂತೆ. ಸುತ್ತಿಗೆ, ಕಂಪಾಸ್ ಎಲ್ಲ ಈಗ್ಲೇ ಕೊಳ್ಳಬೇಕಾ?

ಕೋರ್ ಬಾಕ್ಸ್:
ಫೀಲ್ಡ್ ತಪ್ಪಿಸಿಕೊಂಡು ಜಿಯಾಲಜಿ ಓದೋಕೆ ಆಗಲ್ಲ ಅಕ್ಕಾ. ಮೇಷ್ಟ್ರು ಜೊತೆಗಿರುತ್ತಾರೆ, ಕ್ಲಾಸಿನ ಹುಡುಗಿಯರೂ ಇರುತ್ತಾರೆ. ಈಗ್ಲೇ ಸುಮ್ನೆ ದುಡ್ಡು ಹಾಕಬೇಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಲೆನ್ಸ್ ಒಂದು ಕೊಡಿಸಿ, ಸಾಕು.

ಅಮ್ಮನನ್ನೂ ಕರೆದುಕೊಂಡು ಒಂದು ಭಾನುವಾರ ಮರಡಿಹಳ್ಳಿಗೆ ಹೋಗಿಬನ್ನಿ, ನಿಮ್ಮ ಕಡೆಯದೇ. ನೀರಿನೊಳಗೆ ಉಕ್ಕಿದ ಲಾವಾ ದಿಂಬು ದಿಂಬಾಗಿ ಗಟ್ಟಿಯಾದ ಜಾಗ ಅದು. ದಿಂಬಿನ ಉಬ್ಬಿದ ಬೆನ್ನು ಯಾವ ಕಡೆಗಿದೆ ಅಂತ ತಂಗಿ ನೋಡಲಿ. ಲಾವಾ ಹರಿದಾಗ ಮೇಲಿದ್ದದ್ದು ಆ ಕಡೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು, ಚೂರು ಕಲ್ಲನ್ನೂ ಒಡೆಯಬೇಡಿ.