ಟೂರ್ ದ್ಯು ಮಾಂ ಬ್ಲಾಂ: ರೆಫ್ಯೂಜ್‌ಗಳಲ್ಲಿ ರಾತ್ರಿ ತಂಗೋದರ ಬಗ್ಗೆ

ಬಸವನಗುಡಿ ಚಾರಣಿಗ:
ಬರುವ ಜುಲೈನಲ್ಲಿ ನಾವಿಬ್ಬರು ಟೂರ್ ದ್ಯು ಮಾಂ ಬ್ಲಾಂ (ಟಿಎಂಬಿ) ನಡೀಬೇಕು ಅಂತಿದ್ದೀವಿ. ಸುಮಾರು 170 ಕಿ.ಮೀ., ಆಲ್ಪ್ಸ್‌ನ ಮಾಂ ಬ್ಲಾಂ ಪರ್ವತದ ಸುತ್ತ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಸುತ್ತಿ ಬರೋ ದಾರಿ. ಟೆಂಟ್ ಹೊರೋದಿಲ್ಲ, ರಾತ್ರಿಯೆಲ್ಲ ರೆಫ್ಯೂಜ್‌ಗಳಲ್ಲೇ (ಬೆಟ್ಟದ ದಾರಿಯಲ್ಲಿ ಚಾರಣಿಗರು ತಂಗೋ ಮನೆಗಳು). ಸ್ಲೀಪಿಂಗ್ ಬ್ಯಾಗ್ ಬೇಕಾ? ಇಬ್ಬರೂ ಮೊಟ್ಟೆ ಸಹ ತಿನ್ನಲ್ಲ, ಊಟದ ಗತಿ ಏನು? ವೀಸಾ ಮೊದಲಾ, ಬುಕಿಂಗ್ ಮೊದಲಾ?

ಜಯನಗರ ನಾಲ್ಕನೇ ಬ್ಲಾಕ್:
ಬುಕಿಂಗೇ ಮೊದಲು. ರೆಫ್ಯೂಜ್‌ಗಳು ಹೆಚ್ಚುಕಮ್ಮಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ ತೆರೆದಿರುತ್ತವೆ, ಜುಲೈ ಹಾಸಿಗೆಗಳು ತಿಂಗಳುಗಟ್ಟಲೆ ಮುಂಚೆ ಖಾಲಿಯಾಗುತ್ತವೆ. ಆಸುಪಾಸಿನಲ್ಲಿ ಬೇರೆ ಆಯ್ಕೆ ಕಮ್ಮಿ ಇರೋ ಕಡೆ ಮೊದಲು ಹಿಡೀರಿ: ಕ್ರ್ವಾ ದ್ಯು ಬೊನೊಮ್, ಎಲಿಸಬೆಟ್ಟಾ, ಬೊನಾಟ್ಟಿ. ಇವುಗಳ ತಾರೀಕು ಕೂಡಿಬಂದರೆ ಕುರ್ಮಾಯೋರ್, ಶಾಂಪೆ ಥರದ ಊರುಗಳ ರಾತ್ರಿ ಆಮೇಲೆ ಹೊಂದಿಸಿಕೊಳ್ಳಬಹುದು, ಅಲ್ಲಿ ಹೋಟೆಲ್‌ಗಳೂ ಇವೆ.

ಹೆಚ್ಚು ರಾತ್ರಿ ಯಾವ ದೇಶದಲ್ಲೋ ಆ ದೇಶಕ್ಕೇ ಷೆಂಗೆನ್ ವೀಸಾ (ಮೂರೂ ದೇಶಕ್ಕೆ ನಡೆಯೋ ಒಂದೇ ವೀಸಾ) ಅರ್ಜಿ. ಲೆಕ್ಕ ಸಮ ಬಂದರೆ ಮಾತ್ರ ಮೊದಲು ಕಾಲಿಡೋ ದೇಶ. ಜಿನೀವಾದಲ್ಲಿ ಇಳೀತೀವಿ ಅನ್ನೋ ಒಂದೇ ಕಾರಣಕ್ಕೆ ಸ್ವಿಸ್ ವೀಸಾಗೆ ಹಾಕಬೇಡಿ. ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ವಿಮೆ ಕನಿಷ್ಠ 30,000 ಯೂರೊ ಇರಬೇಕು. ಆದರೆ ವೀಸಾಗೆ ಸಾಕಾಗೋ ಪಾಲಿಸಿ ಬೆಟ್ಟಕ್ಕೆ ಸಾಲದೇ ಹೋಗಬಹುದು: ಎತ್ತರದ ಮಿತಿ, ಹೆಲಿಕಾಪ್ಟರ್ ರಕ್ಷಣೆ, ಎರಡನ್ನೂ ಓದಿ ನೋಡಿ. ದಾರಿಯ ಕೆಲವು ಪಾಸ್‌ಗಳು (ಬೆಟ್ಟಸಾಲು ದಾಟೋ ಜಾಗಗಳು) 2,500 ಮೀಟರ್ ದಾಟುತ್ತವೆ.

ರಕ್‌ಸ್ಯಾಕ್ ರಿಪೇರಿ:
ಸ್ಲೀಪಿಂಗ್ ಬ್ಯಾಗ್ ಬೇಡ, ಲೈನರ್ (ಒಳಗೆ ತೂರಿಕೊಂಡು ಮಲಗೋ ತೆಳು ಬಟ್ಟೆ ಚೀಲ) ಇಲ್ಲದೆ ಹೋಗಲೇಬೇಡಿ. ರಗ್ಗು, ದಿಂಬು ಅಲ್ಲೇ ಇರುತ್ತೆ, ಆದರೆ ನೀರು, ಕರೆಂಟ್ ಎರಡೂ ಅಳತೆಯಲ್ಲಿರೋ ಕಡೆ ರಗ್ಗನ್ನು ದಿನಾ ಒಗೆಯೋಕಾಗಲ್ಲ. ರೇಷ್ಮೆಯದು ಸುಮಾರು 150 ಗ್ರಾಂ ತೂಗುತ್ತೆ. ಹೊಲಿಸೋದಾದರೆ 36 ಇಂಚು ಪನ್ನದ ತೆಳು ಮಲ್ ಬಟ್ಟೆ ನಾಲ್ಕೂವರೆ ಮೀಟರ್ ತಗೊಳ್ಳಿ. ಅಡ್ಡಕ್ಕೆ ಮಡಚಿ, ಒಂದು ಬದಿ ಪೂರ್ತಿ ಹೊಲಿದು, ಇನ್ನೊಂದು ಬದಿಯಲ್ಲಿ ಮೇಲಿನ ಒಂದೂವರೆ ಅಡಿ ಬಿಡಿ. ಕಾಲು ತೂರಿಸುವಾಗ ಹರಿಯೋದು ಆ ಸೀಳು ಮುಗಿಯೋ ಜಾಗದಲ್ಲೇ, ಅಲ್ಲಿ ಮೂರು ನಾಲ್ಕು ಸಲ ಹೊಲಿಗೆ ಓಡಿಸಲು ಟೈಲರ್‌ಗೆ ಹೇಳಿ.

ಬೂಟು, ಸ್ಟಿಕ್ ಬಾಗಿಲ ಬಳಿಯೇ ಬಿಡಬೇಕು. ಬೂಟಿಗೆ ಬಣ್ಣದ ದಾರ ಕಟ್ಟಿ, ಬೆಳಗಿನ ಗಡಿಬಿಡಿಯಲ್ಲಿ ಅದಲುಬದಲಾಗುತ್ತೆ. ಒದ್ದೆಯಾಗಿದ್ದರೆ ಒಳಗಿನ ಅಟ್ಟೆ ತೆಗೆದು ಪೇಪರ್ ತುರುಕಿಡಿ. ಹತ್ತಕ್ಕೆಲ್ಲ ದೀಪ ಆರುತ್ತೆ, ಬ್ಯಾಗ್ ಅದಕ್ಕೂ ಮುಂಚೆ ಕಟ್ಟಿಡಿ. ಬಟ್ಟೆಗೆ ಪ್ಲಾಸ್ಟಿಕ್ ಕವರ್ ಬೇಡವೇ ಬೇಡ, ಬೆಳಗಿನ ಐದಕ್ಕೆ ಅದರ ಸರಸರ ಸದ್ದಿಗೆ ಇಡೀ ಕೋಣೆ ಎದ್ದು ಕೂರುತ್ತೆ. ಕಿವಿಗೆ ಇಯರ್‌ಪ್ಲಗ್ ಇರಲಿ.

ಮಲ್ಲೇಶ್ವರ ಎಂಟನೇ ಕ್ರಾಸ್:
ಊಟದ ವಿಷಯ. ಬರೀ ವೆಜಿಟೇರಿಯನ್ ಅಂದರೆ ಅಲ್ಲಿ ಆಮ್ಲೆಟ್ ಬರೋ ಸಂಭವ ಜಾಸ್ತಿ. ಬುಕ್ ಮಾಡುವಾಗಲೇ ಮಾಂಸ, ಮೀನು, ಮೊಟ್ಟೆ ಬೇಡ, ಹಾಲು, ಚೀಸ್ ಆಗುತ್ತೆ ಅಂತ ಫ್ರೆಂಚ್, ಇಟಾಲಿಯನ್‌ನಲ್ಲಿ ಬರೆದು ಕಳಿಸಿ, ತಲುಪಿದ ತಕ್ಷಣ ಇನ್ನೊಂದು ಸಲ ಹೇಳಿ. ಸೂಪಿನ ನೀರು ಮಾಂಸ ಬೇಯಿಸಿದ್ದಾ ಅಂತ ಕೇಳಿ. ಪಾರ್ಮಿಜಾನ್ ಚೀಸ್‌ಗೆ ಕರುವಿನ ಹೊಟ್ಟೆಯ ರೆನೆಟ್ (ಹಾಲು ಒಡೆಸೋ ಕಿಣ್ವ) ಹಾಕ್ತಾರೆ, ಅದು ಆಗದಿದ್ದರೆ ಮೇಲೆ ಉದುರಿಸೋಕೆ ಮುಂಚೆಯೇ ಬೇಡ ಅನ್ನಿ. ಚಟ್ನಿಪುಡಿ ಒಯ್ಯಿರಿ, ಬ್ರೆಡ್ಡಿಗೂ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾಗೂ ಹೊಂದುತ್ತೆ. ತುಪ್ಪ, ಪೇಡ, ಹಾಲಿನ ಪುಡಿ ಇಲ್ಲಿಂದ ಯುರೋಪಿಗೆ ಒಯ್ಯುವಂತಿಲ್ಲ.

ಊಟ ಸಾಮಾನ್ಯವಾಗಿ ಸಂಜೆ ಆರೂವರೆ, ಏಳಕ್ಕೆ, ಎಲ್ಲರಿಗೂ ಒಂದೇ ಪಂಕ್ತಿ. ಎಷ್ಟು ತಲೆ ಅಂತ ಎಣಿಸಿಯೇ ಅಡುಗೆ. ತಡವಾದರೆ ಅಥವಾ ಬರೋಕಾಗದಿದ್ದರೆ ದಯವಿಟ್ಟು ಫೋನ್ ಮಾಡಿ, ನೀವು ದಾರಿ ತಪ್ಪಿದ್ದೀರಿ ಅಂತ ಅವರು ಹುಡುಕಾಟಕ್ಕೆ ಹೇಳಿಕಳಿಸಬಹುದು. ಜುಲೈ ಮಧ್ಯಾಹ್ನ ಗುಡುಗು ಮಳೆ ಇದ್ದದ್ದೇ, ಪಾಸ್ ಹನ್ನೆರಡರೊಳಗೆ ದಾಟಿ. ಸಿಮ್ ತಗೊಳ್ಳುವಾಗ ಸ್ವಿಟ್ಜರ್ಲೆಂಡ್ ಸೇರಿದೆಯಾ ನೋಡಿ, ಎಷ್ಟೋ ಯುರೋಪ್ ಪ್ಯಾಕ್‌ಗಳಲ್ಲಿ ಅದಿರಲ್ಲ. ಕಾರ್ಡ್ ಮೆಷಿನ್‌ಗೆ ಸಿಗ್ನಲ್ ಸಿಗದ ಜಾಗಗಳಿವೆ, ಯೂರೊ ಜತೆಗೆ ಸ್ವಲ್ಪ ಸ್ವಿಸ್ ಫ್ರಾಂಕ್ ನಗದೂ ಇರಲಿ. ಮಧ್ಯಾಹ್ನದ ಬುತ್ತಿ ಬೇಕಿದ್ದರೆ ಹಿಂದಿನ ಸಂಜೆಯೇ ಹೇಳಿ, ಬಿಲ್ಲೂ ಆಗಲೇ ತೀರಿಸಿ.