ಮಳೆ ನಕ್ಷತ್ರ ನೋಡಿ ಈಗಲೂ ತೋಟಕ್ಕೆ ಔಷಧಿ ಹೊಡೆಯುತ್ತೀರಾ?

ಹೊಸನಗರದ ಹುಡುಗ:
ನಮ್ಮದು ಹೊಸನಗರ ತಾಲೂಕು, ಅಡಿಕೆ ತೋಟ. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರೋ ಕೊಳೆರೋಗಕ್ಕೆ ಅಪ್ಪನದು ಹಳೇ ಲೆಕ್ಕ. ಜೂನ್‌ನ ಮೃಗಶಿರೆ ಮಳೆಯಲ್ಲಿ ಒಂದು ಸಲ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ), ಆಗಸ್ಟ್ ಶುರುವಲ್ಲಿ ಪುಷ್ಯ ಮುಗಿಯೋ ಹೊತ್ತಿಗೆ ಇನ್ನೊಂದು. ನಾನು ಚಿಕ್ಕವನಿದ್ದಾಗ ಅಷ್ಟೇ ಸಾಕಾಗುತ್ತಿತ್ತು.

ಔಷಧಿ ಹೊಡೆಯುವ ದಿನ ಶಾಲೆಗೆ ಚಕ್ಕರ್, ಅದೊಂದೇ ಖುಷಿ. ಹಿಂದಿನ ರಾತ್ರಿಯೇ ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ನೀರಿಗೆ ಇಳಿಬಿಡುತ್ತಿದ್ದರು. ಬೆಳಿಗ್ಗೆ ಅದನ್ನು ಸುಣ್ಣದ ನೀರಿಗೆ ಸುರಿಯೋದು ಅಪ್ಪ, ಕೋಲಲ್ಲಿ ತಿರುವೋದು ನಾನು. ಆಮೇಲೆ ಅಪ್ಪ ಸೊಂಟದ ಕತ್ತಿಯನ್ನು ಉಜ್ಜಿ ಅದರಲ್ಲಿ ಅದ್ದುತ್ತಿದ್ದರು. ಅಲಗು ತಾಮ್ರದ ಬಣ್ಣಕ್ಕೆ ತಿರುಗಿದರೆ, "ಇನ್ನೊಂಚೂರು ಸುಣ್ಣ ಹಾಕೋ ಮಾರಾಯ." ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ತುದಿಯಿಂದ ಕೂಗಿದ ಕೂಡಲೇ ನಾನೂ ತಮ್ಮನೂ ಪಂಪು ಒತ್ತಬೇಕು. ಕಾಲಿಗೆ ಉಂಬಳ (ಜಿಗಣೆ), ತಲೆ ಮೇಲೆ ನೀಲಿ ಹನಿ.

ಈಗ ಈ ಲೆಕ್ಕ ಕೂಡಿ ಬರ್ತಿಲ್ಲ. 2023ರಲ್ಲಿ ಆಗಸ್ಟ್ ತಿಂಗಳೇ ಒಣಗಿಹೋಯ್ತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, ಅದರ ಬೆನ್ನಿಗೇ ನಮ್ಮಲ್ಲೂ ಶುರು. ಮೃಗಶಿರೆ ತನಕ ಕಾದರೆ ಔಷಧಿ ಹೊಡೆಯಲು ಹೊಳವಾಗೋದೇ ಇಲ್ಲ, ಮಳೆ ಬಿಡುವೇ ಕೊಡಲ್ಲ. ಅಪ್ಪನಿಗೆ ಹೇಳಿದರೆ ಪಂಚಾಂಗ ತೋರಿಸ್ತಾರೆ. ನೀವೆಲ್ಲ ಏನು ಮಾಡ್ತೀರಿ? ಮೂರನೇದು ಹೊಡೆಯುತ್ತೀರಾ?

ಸಾಗರದ ಕಡೆಯವ:
ನಾನು ನಕ್ಷತ್ರ ಬಿಟ್ಟು ಸುಮಾರು ವರ್ಷ ಆಯ್ತು. ಮಳೆ ಹಿಡಿಯೋ ಮೊದಲು ಒಂದು. ಅಲ್ಲಿಂದ 40-45 ದಿನಕ್ಕೆ ಎರಡನೇದು. ಆಮೇಲೂ ಮಳೆ ಬಿಡದಿದ್ದರೆ ಮೂರನೇದು ಹೊಡೆಯಲೇಬೇಕು, ಲೋಭ ಮಾಡಬೇಡಿ. ಬಿಸಿಲು-ಮಳೆ ಆಟ ಆಡೋ ದಿನಗಳಲ್ಲೇ ಕೊಳೆ ಜಾಸ್ತಿ. ಅಳತೆ ಮಾತ್ರ ಹಳೇದೇ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಬೆರೆಸಿದ್ದು ಅವತ್ತೇ ಖಾಲಿಯಾಗಬೇಕು. ಉದುರಿದ ಕಾಯಿ ಮರದ ಬುಡದಲ್ಲೇ ಬಿಟ್ಟು ಮೇಲೆ ಎಷ್ಟು ಹೊಡೆದರೂ ಸುಮ್ನೆ ದುಡ್ಡು ದಂಡ. ಅದನ್ನು ಆರಿಸಿ ತೋಟದಿಂದ ಹೊರಗೆ ಹಾಕಿ.

ತೀರ್ಥಹಳ್ಳಿ ಅಕ್ಕ:
ತಮ್ಮಾ, ನಕ್ಷತ್ರದ ಮಾತು ಹಾಗಿರಲಿ, ಕೊನೆಗೌಡ ಬರೋದೇ ನಮ್ಮ ಮುಹೂರ್ತ! ನಮ್ಮೂರಲ್ಲಿ ಮರ ಹತ್ತೋರು ಈಗ ಬೆರಳೆಣಿಕೆ. ಜಾರೋ ಮರ, ಅವರನ್ನು ಅವಸರ ಮಾಡೋ ಹಾಗೂ ಇಲ್ಲ. ಹೋದ ವರ್ಷದಿಂದ ಕಾರ್ಬನ್ ಫೈಬರ್ ದೋಟಿಯವರನ್ನು (ಉದ್ದದ ಹಗುರ ಕೋಲಿನವರು) ಕರೆಸ್ತಿದ್ದೀವಿ. ನೆಲದ ಮೇಲೆ ನಿಂತೇ ಹೊಡೀತಾರೆ, ಸಣ್ಣ ಹೊಳವಾದರೂ ಕೆಲಸ ಸಾಗುತ್ತೆ. ತೀರಾ ಎತ್ತರದ ಹಳೇ ಮರಗಳಿಗೆ ಮಾತ್ರ ಹತ್ತೋರೇ ಬೇಕು. ತಗ್ಗಿನ ತೋಟದಲ್ಲಿ ಒಂದಿಷ್ಟು ಅಡಿಕೆ ಗೊನೆಗಳಿಗೆ ಮಳೆಗೆ ಮುಂಚೆಯೇ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಕಟ್ಟಿಸ್ತೀವಿ. ಖರ್ಚಿನ ಬಾಬತ್ತೇ, ಆದರೆ ಕೊಳೆ ಕಮ್ಮಿ.

ಶಿರಸಿ ಸೀಮೆ:
ನೀವು ಕೊಳೆ ಅಂತೀರಿ, ನಮಗೆ ಅಡಿಕೆ ಒಣಗಿಸೋದೇ ದೊಡ್ಡ ತಲೆಬಿಸಿ. ದೀಪಾವಳಿ ಕಳೆದರೂ ಮೋಡ. ಅಂಗಳಕ್ಕೆ ಹರಡು, ತಾಡಪಾಲು ಹೊದೆಸು, ಮತ್ತೆ ಹರಡು. ಇದೇ ಆಯ್ತು.

ಹೊಸನಗರದ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಎಲೆ ಅಡಿಕೆ ಜಗಿದು, "ಹಾಗಾದ್ರೆ ಮೊದಲನೇದು ರೋಹಿಣಿಯಲ್ಲೇ ಹೊಡಿಯೋಣ. ಅದೂ ನಕ್ಷತ್ರವೇ ಅಲ್ವಾ?" ಅಂದರು. ಅಕ್ಕ, ಆ ದೋಟಿಯವರು ನಮ್ಮ ಕಡೆಗೂ ಬರ್ತಾರಾ, ಸ್ವಲ್ಪ ಕೇಳಿ ನೋಡಿ.