ಗಡ್ಡೆ ಒಳಗೆ ಲಿಂಫೋಸೈಟ್ಸ್ ಜಾಸ್ತಿ ಅಂತ ರಿಪೋರ್ಟ್ ಬಂದಿದೆ, ಒಳ್ಳೇದಾ ಕೆಟ್ಟದ್ದಾ?

ಶಿರಸಿಯವ್ನು:
ಅಪ್ಪಂಗೆ 61, ಬೀಡಿ ಬಿಟ್ಟು ಬಹಳ ವರ್ಷ ಆಯ್ತು. ಬಲಗಡೆ ಶ್ವಾಸಕೋಶದ ಮೇಲಿನ ಭಾಗ ಆಪರೇಷನ್ ಮಾಡಿ ತೆಗ್ದಿದಾರೆ, ಅಡಿನೋಕಾರ್ಸಿನೋಮಾ ಅನ್ನೋ ಥರದ ಕ್ಯಾನ್ಸರ್, ಸ್ಟೇಜ್ 2 ಅಂತೆ. ರಿಪೋರ್ಟಲ್ಲಿ ಗಡ್ಡೆ ಒಳಗೆ ಲಿಂಫೋಸೈಟ್ಸ್ ದಟ್ಟವಾಗಿವೆ ಅಂತ ಒಂದು ಸಾಲು ಇದೆ, ಚಿಕ್ಕಪ್ಪ ಅದನ್ನ ಓದಿ ಕ್ಯಾನ್ಸರ್ ರಕ್ತಕ್ಕೂ ಹೋಗಿದೆ ಅಂತ ಅಮ್ಮನ ಹತ್ರ ಹೇಳ್ಬಿಟ್ಟು ಮನೇಲಿ ಯಾರೂ ಸರಿಯಾಗಿ ಊಟ ಮಾಡ್ತಿಲ್ಲ. ಡಾಕ್ಟ್ರು ಸಿಗೋದು ಮುಂದಿನ ವಾರ. ಇದ್ರಿಂದ ಆಯಸ್ಸು ಗೊತ್ತಾಗತ್ತಾ?

ಸ್ಲೈಡ್‌ರಾಯ:
ಚಿಕ್ಕಪ್ಪ ಹೇಳಿದ್ದು ತಪ್ಪು ಸಾರ್. ನಾನು ಪೆಥಾಲಜಿ ಲ್ಯಾಬಲ್ಲಿರೋನು. ಅದು ಹರಡಿರೋದಲ್ಲ, ಅಪ್ಪಂದೇ ಬಿಳಿ ರಕ್ತಕಣಗಳು ಗಡ್ಡೆ ಒಳಗೆ ಹೊಕ್ಕಿರೋದು. ಸ್ಲೈಡಲ್ಲಿ ಕ್ಯಾನ್ಸರ್ ಕಣಗಳು ದೊಡ್ಡದಾಗಿ ಸೊಟ್ಟಪಟ್ಟ ಇರ್ತವೆ, ನಡುವೆ ಸಾಸಿವೆ ಚೆಲ್ಲಿದಂಗೆ ಗುಂಡಗೆ ಕಡುನೀಲಿ ಚುಕ್ಕಿ ಕಾಣತ್ತೆ, ಅವೇ ಲಿಂಫೋಸೈಟ್ಸ್. ಅದರಲ್ಲಿ ಬಿ ಸೆಲ್, ಟಿ ಸೆಲ್ ಅಂತ ಜಾತಿಗಳಿವೆ, ಸಿಡಿ8 ಅನ್ನೋ ಥರದ ಟಿ ಸೆಲ್ ಕ್ಯಾನ್ಸರ್ ಕಣಾನ ನೇರವಾಗಿ ಕೊಲ್ಲತ್ತೆ, ಆಪರೇಷನ್ ಆದೋರಲ್ಲಿ ಇದು ಜಾಸ್ತಿ ಇದ್ರೆ ಸರಾಸರಿ ಹೆಚ್ಚು ಕಾಲ ಬದುಕ್ತಾರೆ ಅಂತ ಸುಮಾರು ಸ್ಟಡಿಲಿ ಬಂದಿದೆ. 2008ರಲ್ಲಿ ಪ್ಯಾರಿಸ್‌ನವ್ರು ತೋರಿಸಿದ್ದು ಇನ್ನೂ ಮಜಾ ಇದೆ, ಗಡ್ಡೆ ಜಾಗದಲ್ಲೇ ಬಿ ಸೆಲ್ಲು ಟಿ ಸೆಲ್ಲು ಸೇರ್ಕೊಂಡು ಪುಟ್ಟ ಲಿಂಫ್ ನೋಡ್ ತರ ಕಟ್ಕೊಂಡಿರ್ತವೆ, ಅಂಥೋರ ಪರಿಸ್ಥಿತಿನೂ ಚೆನ್ನಾಗಿತ್ತು. ಆದ್ರೆ ಒಳಗೆ ಬಂದಿದ್ದೆಲ್ಲಾ ನಮ್ಮ ಕಡೆಯವೇ ಅಲ್ಲ, ರೆಗ್ಯುಲೇಟರಿ ಟಿ ಸೆಲ್ ಅಂತ ಇದೆ, ಅದು ಕೊಲ್ಲೋಕೆ ಬಂದೋರನ್ನೇ ತಡೆಯತ್ತೆ. ಮಾಮೂಲಿ ಗುಲಾಬಿ ನೀಲಿ ಬಣ್ಣದಲ್ಲಿ ಎರಡೂ ಒಂದೇ ಥರ ಕಾಣ್ತವೆ, ಐಎಚ್‌ಸಿ ಅಂತ ಬೇರೆ ಬೇರೆ ಜಾತಿ ಕಣ ಗುರುತಿಸೋ ವಿಶೇಷ ಬಣ್ಣದ ಟೆಸ್ಟ್ ಮಾಡಿದ್ರೇ ಗೊತ್ತಾಗೋದು. ಆಯಸ್ಸಿನ ಲೆಕ್ಕಕ್ಕೆ ಈಗ್ಲೂ ಸ್ಟೇಜೇ ಮುಖ್ಯ.

ಹಸಿರುಮದ್ದು:
ಹಂಗಾದ್ರೆ ಅಮೃತಬಳ್ಳಿ ಕಷಾಯ ಕೊಟ್ರೆ ಇಮ್ಯೂನಿಟಿ ಇನ್ನೂ ಜಾಸ್ತಿ ಆಗತ್ತಲ್ವಾ

ಸ್ಲೈಡ್‌ರಾಯ:
ಬೇಡಿ ದಯವಿಟ್ಟು. ಅಮೃತಬಳ್ಳಿ ಕುಡ್ದು ಲಿವರ್ ಕೆಟ್ಟ ಕೇಸ್ ನಮ್ಮ ದೇಶದಲ್ಲೇ ರಿಪೋರ್ಟ್ ಆಗಿವೆ, ಕೀಮೋ ಮುಂಚೆ ಎಲ್‌ಎಫ್‌ಟಿ, ಅಂದ್ರೆ ಲಿವರ್ ಟೆಸ್ಟ್, ಏರುಪೇರಾದ್ರೆ ಟ್ರೀಟ್ಮೆಂಟೇ ಮುಂದಕ್ಕೆ ಹೋಗತ್ತೆ.

ದಾವಣಗೆರೆ ಅಕ್ಕ:
ತಮ್ಮಾ, ಡಾಕ್ಟ್ರ ಹತ್ರ ಹೋದಾಗ ಗಡ್ಡೆದು ಪಿಡಿ-ಎಲ್1 (ಕ್ಯಾನ್ಸರ್ ಕಣದ ಮೇಲಿರೋ ಒಂದು ಪ್ರೋಟೀನ್), ಇಜಿಎಫ್ಆರ್ (ಒಂದು ಜೀನ್, ಅದ್ರಲ್ಲಿ ಬದಲಾವಣೆ ಇದ್ಯಾ ಅಂತ) ಎರಡೂ ಟೆಸ್ಟಿಗೆ ಕಳಿಸಿದೀರಾ ಕೇಳು. ನಮ್ಮಮ್ಮಂದು ಸ್ಟೇಜ್ 4, ಪಿಡಿ-ಎಲ್1 ಜಾಸ್ತಿ ಇತ್ತು, ಅಂದ್ರೆ ಕ್ಯಾನ್ಸರ್ ಕಣ ಟಿ ಸೆಲ್ಲನ್ನ ಸುಮ್ಮನಾಗಿಸ್ತಿತ್ತು, ಅದನ್ನ ಬಿಡಿಸೋಕೆ ಪೆಂಬ್ರೋಲಿಝುಮ್ಯಾಬ್ ಅನ್ನೋ ಇಮ್ಯುನೋಥೆರಪಿ ಔಷಧಿ ಕೊಟ್ರು. ಪಿಡಿ-ಎಲ್1 50% ಅಥವಾ ಅದಕ್ಕಿಂತ ಮೇಲಿದ್ದ ಮುಂದುವರಿದ ಸ್ಟೇಜಿನೋರ ಒಂದು ದೊಡ್ಡ ಟ್ರಯಲಲ್ಲಿ ಇದನ್ನ ತಗೊಂಡೋರಲ್ಲಿ 5 ವರ್ಷಕ್ಕೆ ಸುಮಾರು 32% ಜನ ಬದುಕಿದ್ರು, ಬರೀ ಕೀಮೋದಿಂದ ಶುರು ಮಾಡಿದೋರಲ್ಲಿ 16%. ಆ ಔಷಧಿಯಿಂದ ಅಮ್ಮಂಗೆ ಥೈರಾಯ್ಡ್ ಕೆಡ್ತು, ದಿನಾ ಮಾತ್ರೆ ತಗೋತಾರೆ ಅಷ್ಟೇ. ಆದ್ರೆ ಇಜಿಎಫ್ಆರ್ ಪಾಸಿಟಿವ್ ಬಂದ್ರೆ ಇಮ್ಯುನೋಥೆರಪಿ ಅಷ್ಟಾಗಿ ಕೆಲ್ಸ ಮಾಡಲ್ಲ, ಅವ್ರಿಗೆ ಓಸಿಮರ್ಟಿನಿಬ್ ಮಾತ್ರೆ ಇದೆ, ಆಪರೇಷನ್ ಆದ್ಮೇಲೂ ಕೊಡ್ತಾರೆ.

ಶಿರಸಿಯವ್ನು:
ಥ್ಯಾಂಕ್ಸ್ ಅಕ್ಕಾ, ಸ್ಲೈಡ್‌ರಾಯ ಸಾರ್. ಇಜಿಎಫ್ಆರ್ ಇನ್ನೂ ಕಳ್ಸಿಲ್ಲ ಅನ್ಸತ್ತೆ. ಅದಕ್ಕೆ ಮತ್ತೆ ಬಯಾಪ್ಸಿ ಮಾಡ್ಬೇಕಾ?

ಸ್ಲೈಡ್‌ರಾಯ:
ಬೇಡ. ಆಪರೇಷನ್ನಲ್ಲಿ ತೆಗೆದ ಗಡ್ಡೆ ಮೇಣದ ಬ್ಲಾಕಲ್ಲಿ ಲ್ಯಾಬಲ್ಲೇ ಇರತ್ತೆ, ರಿಪೋರ್ಟ್ ಮೇಲಿರೋ ನಂಬರ್ ಹೇಳಿ ಕೇಳಿ, ಅದ್ರಲ್ಲೇ ಎರಡೂ ಟೆಸ್ಟ್ ಆಗತ್ತೆ.